ಹೊಳೆ ಮೀನುಗಾರರ ಅರಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯ ಹೊಳೆ ದಂಡೆಯಲ್ಲಿ, ಮೀನಿನ ಸಂತೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ಎಲ್ಲವನ್ನೂ ಓದಲೇಬೇಕಂತಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರುವಿನ ಪ್ರಶ್ನೆಗಳು

ನಮ್ಮ ಕಡೆ ಸಮುದ್ರಾನೇ ಇಲ್ಲ. ಮೀನುಗಾರರ ಪಾರಂಪರಿಕ ಜ್ಞಾನ ಅಂತ ಏನ್ರೀ ಇರುತ್ತೆ ಇಲ್ಲಿ?

ಸಮುದ್ರ ಇಲ್ಲ, ನಿಜ. ಆದರೆ ರಾಯಚೂರಿನ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ ಹರಿಯುತ್ತಾಳೆ. ಕಂಪ್ಲಿ, ಸಿರುಗುಪ್ಪ, ಆನೆಗೊಂದಿ ಎಲ್ಲವೂ ಹೊಳೆ ದಂಡೆಯ ಊರುಗಳು. ಮುನಿರಾಬಾದ್–ಹೊಸಪೇಟೆ ನಡುವಿನ ಅಣೆಕಟ್ಟೆಯ ಹಿಂದೆ ಜಲಾಶಯ ತುಂಬಿದರೆ ಸುಮಾರು 378 ಚದರ ಕಿ.ಮೀ. ನೀರು ಹರಡುತ್ತದೆ.

ಈ ನೀರಿನ ಮೇಲೆ ತಲೆತಲಾಂತರದಿಂದ ಬದುಕಿದವರಿಗೆ ಕೆಲವು ಸಂಗತಿ ಗೊತ್ತಿರುತ್ತವೆ. ಯಾವ ಮಡು ಬೇಸಿಗೆಯಲ್ಲೂ ಬತ್ತುವುದಿಲ್ಲ? ಯಾವ ಬಂಡೆಯ ಹಿಂದೆ ಸುಳಿ ಇದೆ? ಗಾಳಿ ಯಾವ ಕಡೆಯಿಂದ ಬೀಸಿದರೆ ಬಲೆ ಬಿಡಬಾರದು? ಹೊಸ ನೀರು ಬಂದ ಎಷ್ಟು ಹೊತ್ತಿಗೆ ಯಾವ ಮೀನು ದಂಡೆಗೆ ಬರುತ್ತೆ? ಇವನ್ನೆಲ್ಲ ಯಾರೂ ಕೂತು ಪಾಠ ಮಾಡುವುದಿಲ್ಲ. ಅಪ್ಪನ ಜೊತೆ ಹರಿಗೋಲಿನಲ್ಲಿ ಕೂತು, ಬೈಸಿಕೊಂಡು ಕಲಿಯುವಂಥವು.

ಬೆಸ್ತರು, ಅಂಬಿಗರು, ಗಂಗಾಮತಸ್ಥರು ಎಲ್ಲಾ ಒಂದೇನಾ?

ಊರಿಂದ ಊರಿಗೆ ಹೆಸರು ಬದಲಾಗುತ್ತದೆ. ಬೆಸ್ತ, ಅಂಬಿಗ, ಗಂಗಾಮತಸ್ಥ, ಕಬ್ಬಲಿಗ, ಬಾರಿಕೇರ ಎಲ್ಲ ಹೆಸರೂ ನಮ್ಮ ಭಾಗದಲ್ಲಿ ಕೇಳಿಬರುತ್ತವೆ. ಕೆಲವರು ಇವೆಲ್ಲ ಒಂದೇ ಬಳಗ ಅನ್ನುತ್ತಾರೆ, ಕೆಲವರು ಒಪ್ಪುವುದಿಲ್ಲ. ಅವರವರನ್ನೇ ಕೇಳಿ, ಅವರು ಹೇಳಿದ ಹೆಸರನ್ನೇ ಬಳಸುವುದು ಒಳ್ಳೆಯದು.

ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನನ್ನು ಮಾತ್ರ ಎಲ್ಲರೂ ತಮ್ಮವನೆಂದೇ ನೆನೆಯುತ್ತಾರೆ. ಅವನ ಹೆಸರಿನ ಚೌಡಯ್ಯದಾನಪುರ ಇರುವುದು ಇದೇ ತುಂಗಭದ್ರೆಯ ದಂಡೆಯಲ್ಲಿ, ನಮಗಿಂತ ಮೇಲೆ, ಹಾವೇರಿ ಜಿಲ್ಲೆಯಲ್ಲಿ. ಜನವರಿ 21ಕ್ಕೆ ಅವನ ಜಯಂತಿ.

ಮೀನು ಹಿಡಿಯೋದು ಗಂಡಸರ ಕೆಲಸ ಅಲ್ವಾ? ಹೆಂಗಸರಿಗೆ ಏನು ಗೊತ್ತಿರುತ್ತೆ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ನಗು ಬರುತ್ತದೆ. ಒಮ್ಮೆ ಸಂತೆಯಲ್ಲಿ ಮೀನು ಮಾರುವ ಅಕ್ಕನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕಿವಿರು ಎತ್ತಿ ಬಣ್ಣ ನೋಡುತ್ತಾಳೆ, ಹೊಟ್ಟೆ ಒತ್ತಿ ತತ್ತಿ ಇದೆಯೋ ಇಲ್ಲವೋ ಹೇಳುತ್ತಾಳೆ, "ಇದು ಡ್ಯಾಂ ಮೀನು, ಇದು ಕೆರೆ ಮೀನು" ಅಂತ ಬೇರೆ ಮಾಡುತ್ತಾಳೆ. ಕೆರೆ ಮೀನಿಗೆ ಕೆಸರಿನ ವಾಸನೆ ಜಾಸ್ತಿ. ಯಾವ ತಿಂಗಳಲ್ಲಿ ಯಾವ ಮೀನಿಗೆ ತತ್ತಿ ತುಂಬುತ್ತದೆ ಅನ್ನುವುದು ಹಿಡಿದವನಿಗಿಂತ ಕೊಯ್ದವಳಿಗೆ ಚೆನ್ನಾಗಿ ಗೊತ್ತು. ಮೀನು ಒಣಗಿಸುವ ಕೆಲಸದಲ್ಲೂ ಹೆಂಗಸರ ಕೈಯೇ ಮುಂದು. ಮೀನುಗಾರಿಕೆ ಬಗ್ಗೆ ಬರೆಯುವವರು ಇವರನ್ನು ಕೇಳದೆ ಹೋಗುವುದೇ ಹೆಚ್ಚು.

ಹರಿಗೋಲು ಯಾಕೆ ದುಂಡಗಿರುತ್ತೆ? ಅದು ಸುತ್ತುತ್ತಾ ಇರುತ್ತಲ್ಲ, ದಡ ಮುಟ್ಟೋದು ಹೇಗೆ?

ನಮ್ಮ ಹೊಳೆಯಲ್ಲಿ, ಅದರಲ್ಲೂ ಹಂಪಿ–ಆನೆಗೊಂದಿ ನಡುವೆ, ನೀರಿಗಿಂತ ಬಂಡೆಯೇ ಜಾಸ್ತಿ. ಉದ್ದನೆಯ ದೋಣಿ ಬಂಡೆಗೆ ಬಡಿದರೆ ಮುರಿಯುತ್ತದೆ, ಅಡ್ಡ ಸಿಕ್ಕಿಕೊಂಡರೆ ಮಗುಚುತ್ತದೆ. ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಬಡಿದರೆ ತಿರುಗಿ ಪಕ್ಕಕ್ಕೆ ಜಾರುತ್ತದೆ. ತಳ ಅಗಲ, ಹಾಗಾಗಿ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಕೆಲಸ ಮುಗಿದರೆ ಬೋರಲು ಮಾಡಿ ತಲೆ ಮೇಲೆ ಹೊತ್ತು ತರಬಹುದು.

ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡ ಉದ್ದ ಹೆಣೆಯುತ್ತಾರೆ, ಅಂಚಿಗೆ ಗಟ್ಟಿ ಕಟ್ಟು ಹಾಕುತ್ತಾರೆ. ಮೊದಲು ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬೆತ್ತದ, ಚರ್ಮ ಹೊದಿಸಿದ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಹದಿನೈದು–ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ, ಇವು ನೇರ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದೂ ಸೇರಿಸಿದ್ದಾನೆ. ಐನೂರು ವರ್ಷ ಆದರೂ ಹೊದಿಕೆ ಬಿಟ್ಟರೆ ಹೆಚ್ಚೇನೂ ಬದಲಾಗಿಲ್ಲ.

ಇನ್ನು ಸುತ್ತುವ ಮಾತು. ಪ್ರವಾಸಿಗರಿಗೆ ಮಜಾ ಬರಲಿ ಅಂತ ಸುತ್ತಿಸುವುದು ಬೇರೆ. ಕೆಲಸದ ಹೊತ್ತಿನಲ್ಲಿ ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ, ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಹರಿಗೋಲು ತುಸು ಅಲ್ಲಾಡುತ್ತಾ ಮುಂದೆ ಹೋಗುತ್ತದೆ. ಸೆಳವು ಇರುವಾಗ ಎದುರಿನ ದಡಕ್ಕೆ ನೇರ ಗುರಿ ಇಡುವುದೇ ಇಲ್ಲ. ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಟ್ಟು, ಹೊಳೆಯೇ ಓರೆಯಾಗಿ ತಂದು ಬೇಕಾದಲ್ಲಿ ಸೇರಿಸುವಂತೆ ಮಾಡುತ್ತಾರೆ. ಎಷ್ಟು ಮೇಲಿಂದ ಬಿಡಬೇಕು ಅನ್ನೋದು ದಿನದಿನಕ್ಕೆ ಬೇರೆ. ಅಂಬಿಗನ ಕಸುಬೆಲ್ಲ ಆ ಅಂದಾಜಿನಲ್ಲೇ ಇದೆ.

## ನೀರು, ಮಳೆ, ಬಲೆ

ಮಳೆ ನಕ್ಷತ್ರ ನೋಡಿ ಬಲೆ ಬಿಡ್ತಾರಂತೆ. ಇದು ಸುಮ್ನೆ ನಂಬಿಕೆ ತಾನೆ?

ನಂಬಿಕೆಯೂ ಇದೆ, ಲೆಕ್ಕವೂ ಇದೆ. ಮಳೆ ನಕ್ಷತ್ರಗಳು ಸೂರ್ಯನ ಚಲನೆಗೆ ಕಟ್ಟಿದ ಪಂಚಾಂಗ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಹಾಗಾಗಿ ಮೃಗಶಿರ ಪ್ರತಿ ವರ್ಷ ಜೂನ್ 8ರ ಆಸುಪಾಸಿಗೇ ಬರುತ್ತದೆ, ಆರಿದ್ರಾ ಜೂನ್ 22ರ ಆಸುಪಾಸಿಗೆ. ಮುಂಗಾರು ಮಲೆನಾಡು ಹಿಡಿಯುವುದೂ ಇದೇ ಹೊತ್ತಿಗೆ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಎಂಬ ಮಾತನ್ನು ರೈತರಷ್ಟೇ ಅಲ್ಲ, ಹೊಳೆಯವರೂ ಹೇಳುತ್ತಾರೆ.

ಕಾಟ್ಲಾ, ರೋಹು ಥರದ ಮೀನುಗಳು ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲ. ಹೊಸ ನೀರು ಬಂದು, ಹೊಳೆ ಏರಿ, ದಂಡೆಯ ಹುಲ್ಲು ಮುಳುಗಿದಾಗ ಆ ತೆಳು ನೀರಿಗೆ ಬಂದು ಇಡುತ್ತವೆ. ಬಾಳೆ ಮೀನು ಕೂಡ ಮುಂಗಾರಿನ ಮೊದಲ ನೀರಿಗೆ ಎದುರು ಈಜಿ ಬರುತ್ತದೆ. ನಕ್ಷತ್ರ ನೋಡಿಕೊಂಡವನು ಈ ದಿನಗಳಿಗೆ ಕಾಯುತ್ತಿರುತ್ತಾನೆ. ಇತ್ತೀಚೆಗೆ ಮಳೆ ಹಿಂದೆ ಮುಂದೆ ಆದಾಗ ಪಂಚಾಂಗ ಕೈಕೊಡುತ್ತದೆ. ಆಗ ನಕ್ಷತ್ರ ಬಿಟ್ಟು ನೀರಿನ ಬಣ್ಣವನ್ನೇ ನಂಬುತ್ತಾರೆ.

ನಮ್ಮೂರಲ್ಲಿ ಹನಿ ಮಳೆ ಇಲ್ಲ, ಹೊಳೆ ಮಾತ್ರ ಏರುತ್ತೆ. ಇದು ಮೊದಲೇ ಹೇಗೆ ಗೊತ್ತಾಗುತ್ತೆ ಅವರಿಗೆ?

ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ. ಅಲ್ಲಿ ಸುರಿದ ಮಳೆ ನಮ್ಮ ಹೊಳೆ ಏರಿಸುತ್ತದೆ, ಇಲ್ಲಿ ಬಿಸಿಲು ಕಾಯುತ್ತಿದ್ದರೂ.

ಹಳಬರು ನೋಡುವ ಗುರುತುಗಳು ಹೀಗೆ: ತಿಳಿ ನೀರಿಗೆ ಮೊದಲು ಚಹಾ ಬಣ್ಣ, ಆಮೇಲೆ ಕೆಂಪು. ದಂಡೆಗುಂಟ ನೊರೆ. ನೊರೆಯ ಜೊತೆ ಒಣ ಎಲೆ, ಕಡ್ಡಿ. ಕಡ್ಡಿ ಕಸ ಹೊಳೆಯ ನಡುವೆ ತೇಲುತ್ತಿದ್ದರೆ ನೀರು ಇನ್ನೂ ಏರುತ್ತಿದೆ, ದಂಡೆಗೆ ಬಂದು ತಂಗಿದರೆ ಇಳಿಯಲು ಶುರುವಾಗಿದೆ ಅನ್ನುತ್ತಾರೆ. ಜೊತೆಗೆ ಊರಿನವರಿಗೆಲ್ಲ ಗೊತ್ತಿರುವ ಅಳತೆಗಲ್ಲುಗಳಿವೆ. ಹಂಪಿಯ ಪುರಂದರ ಮಂಟಪಕ್ಕೆ ನೀರು ಬಂತು, ಆನೆಗೊಂದಿಯ ನವವೃಂದಾವನದ ನಡುಗಡ್ಡೆಗೆ ದಾರಿ ಬಂದ್ ಆಯಿತು, ಕಂಪ್ಲಿ ಸೇತುವೆ ಮುಳುಗಿತು. ಹೀಗೆ ಹೇಳಿದರೆ ಸಾಕು, ಕ್ಯೂಸೆಕ್ ಲೆಕ್ಕ ಬೇಕಿಲ್ಲ. ರಾಯಚೂರಿನವರಿಗೆ ಕೃಷ್ಣೆಯ ಶೀಲಹಳ್ಳಿ ಸೇತುವೆ ಅಂಥದ್ದೇ ಗುರುತು. ನಾರಾಯಣಪುರ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರೆ ಆ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳಿಗೆ ದಾರಿ ಬಂದ್ ಆಗುತ್ತದೆ.

ಬಲೆಯ ಕಣ್ಣು ಬೆರಳಲ್ಲಿ ಅಳೀತಾರಲ್ಲ, ಯಾಕೆ?

ಟೇಪು ಬೇಡ, ಕೈಯೇ ಅಳತೆ. ಎರಡು ಬೆರಳು ಹೋಗುವ ಕಣ್ಣು, ಮೂರು ಬೆರಳಿನ ಕಣ್ಣು, ನಾಲ್ಕು ಬೆರಳಿನ ಕಣ್ಣು ಅಂತ ಎಣಿಸುತ್ತಾರೆ. ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಬಲೆಗೆ ಮೇಲೆ ಬೆಂಡು, ಕೆಳಗೆ ಸೀಸದ ಗುಂಡು. ಮೀನು ತಲೆ ತೂರಿಸುತ್ತದೆ, ಮೈ ಹಿಡಿಸುವುದಿಲ್ಲ, ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಕಣ್ಣಿಗಿಂತ ಸಣ್ಣ ಮೀನು ಪಾರಾಗುತ್ತದೆ, ತೀರಾ ದೊಡ್ಡದಕ್ಕೆ ತಲೆಯೇ ಹೋಗುವುದಿಲ್ಲ. ಅಂದರೆ ಬಲೆ ಹೆಣೆಯುವಾಗಲೇ ಯಾವ ಮೀನನ್ನು ಬಿಡಬೇಕು ಅಂತ ತೀರ್ಮಾನ ಆಗಿರುತ್ತದೆ.

ಹತ್ತಿ ನೂಲಿನ ಬಲೆಗಳ ಕಾಲದಲ್ಲಿ ಕೊಳೆಯದಂತೆ ಮರದ ತೊಗಟೆಯ ರಸದಲ್ಲಿ ಅದ್ದಿ ಒಣಗಿಸುತ್ತಿದ್ದರು. ನೈಲಾನ್ ಬಂದ ಮೇಲೆ ಆ ಕೆಲಸ ತಪ್ಪಿತು. ತಪ್ಪಿಸಿಕೊಂಡು ಹೋದ ನೈಲಾನ್ ಬಲೆ ನೀರಿನ ತಳದಲ್ಲಿ ಕೊಳೆಯದೆ ಉಳಿದು, ಯಾರಿಗೂ ಸಿಗದ ಮೀನನ್ನು ಹಿಡಿಯುತ್ತಲೇ ಇರುತ್ತದೆ. ಇದು ನೈಲಾನಿನ ಇನ್ನೊಂದು ಮುಖ.

ಬೆಳದಿಂಗಳಲ್ಲಿ ಮೀನು ಸಿಗಲ್ಲ ಅಂತಾರೆ, ನಿಜಾನಾ?

ನಿಲ್ಲಿಸುವ ಬಲೆಗೆ ಬಹಳ ಮಟ್ಟಿಗೆ ನಿಜ. ತಿಳಿ ನೀರು, ಮೇಲೆ ಬೆಳದಿಂಗಳು ಇದ್ದರೆ ಬಲೆ ಮೀನಿನ ಕಣ್ಣಿಗೆ ಬೀಳುತ್ತದೆ. ಅಮಾವಾಸ್ಯೆಯ ಆಚೀಚೆ ಹಿಡಿತ ಚೆನ್ನಾಗಿರುತ್ತದೆ. ಗಾಳಕ್ಕೆ, ಬೀಸುಬಲೆಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ.

## ಮೀನು, ಪ್ರಾಣಿ

ಒಣಗಿದ ಕೆರೆಗೆ ಮಳೆ ಬಂದ ಕೂಡಲೇ ಮೀನು ಕಾಣಿಸ್ತಾವೆ. ಆಕಾಶದಿಂದ ಬೀಳ್ತಾವಾ?

ಇಲ್ಲ. ಅವು ಅಲ್ಲೇ ಇದ್ದವು. ಕೊರಮೀನು, ಮುರುಗೋಡು, ಚೇಳು ಮೀನು ಈ ಮೂರಕ್ಕೂ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗ ಇದೆ. ನೀರು ಬತ್ತಿದಾಗ ಹಸಿ ಕೆಸರಿನೊಳಗೆ ಸೇರಿಕೊಂಡು ದಿನ ದೂಡುತ್ತವೆ. ಮಳೆ ಬಂದರೆ ಹೊರಬರುತ್ತವೆ. ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡಕ್ಕೂ ಹೋಗಬಲ್ಲವು. ರಾತ್ರಿ ಮಳೆಯಾಗಿ ಬೆಳಗ್ಗೆ ಬದುವಿನ ಮೇಲೆ ಮೀನು ಕಂಡರೆ ಆಕಾಶ ನೋಡುವುದು ಸಹಜ. ಹಳೇ ಮೀನುಗಾರರು ಮಾತ್ರ ಕೆಸರು ನೋಡುತ್ತಾರೆ. ಬಿರುಕಿನ ನಡುವೆ ಸಣ್ಣ ತೂತು ಕಂಡರೆ ಅಗೆಯುತ್ತಾರೆ.

ಕೊರಮೀನಿನ ಮರಿ ಇರುವಾಗ ತಾಯಿ ಹಿಡೀಬಾರದು ಅಂತಾರಲ್ಲ, ಶಾಪ ತಟ್ಟುತ್ತಂತೆ?

ಶಾಪದ ವಿಷಯ ನನಗೆ ಬಿಡಿ. ನಡೆಯುವುದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಕೆರೆಯ ಅಂಚಿನ ಜೊಂಡಿನ ಹತ್ತಿರ ನೀರಿನ ಮೇಲೆ ಅಂಗೈ ಅಗಲದ ಕೆಂಪು ಮಚ್ಚೆಯೊಂದು ಕಾಣುತ್ತದೆ. ದಿಟ್ಟಿಸಿದರೆ ಮಚ್ಚೆ ಕುದಿಯುತ್ತಿರುತ್ತದೆ. ನೂರಾರು ಮರಿಗಳು ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಮತ್ತೆ ಇಳಿಯುತ್ತವೆ. ಅದರ ಕೆಳಗೇ ಕಪ್ಪಗೆ ತಂದೆ ತಾಯಿ ಕಾವಲು ಇರುತ್ತವೆ. ಮರಿಗಳ ಹತ್ತಿರ ಏನೇ ಬಂದರೂ ಎರಗುತ್ತವೆ. ಕಪ್ಪೆ ಕಟ್ಟಿದ ಗಾಳವನ್ನು ಆ ಮಚ್ಚೆಯ ಮೇಲೆ ಆಡಿಸಿದರೆ ಸಿಟ್ಟಿಗೆ ಬಾಯಿ ಹಾಕುತ್ತವೆ. ಇಷ್ಟು ಸುಲಭಕ್ಕೆ ಬೇರೆ ದಿನ ಕೊರಮೀನು ಸಿಗುವುದಿಲ್ಲ.

ಕಾವಲು ಹೋದರೆ ಉಳಿದ ಮೀನು, ಹಕ್ಕಿ, ಹಾವು ಸೇರಿ ಮರಿಗಳನ್ನು ಮುಗಿಸುತ್ತವೆ. ಒಂದು ಮೀನಿನ ಆಸೆಗೆ ಒಂದು ಸಂಸಾರ ಹೋಗುತ್ತದೆ. ಅದಕ್ಕೇ ಹಿರಿಯರು ಬೇಡ ಅಂದಿದ್ದು. ಈಗ ಕೊರಮೀನಿನ ರೇಟು ನೋಡಿದರೆ ಶಾಪಕ್ಕೆ ಹೆದರುವವರು ಕಮ್ಮಿ, ಮಚ್ಚೆ ಹುಡುಕಿಕೊಂಡು ಬರುವವರು ಜಾಸ್ತಿ.

ಕಾಟ್ಲಾ, ರೋಹು ನಮ್ಮ ಹೊಳೆಯ ಮೀನುಗಳೇ ಅಲ್ವಾ?

ಮೂಲದಲ್ಲಿ ಅಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ಗಂಗಾ ಬಯಲಿನ ಮೀನುಗಳು. ಮರಿ ತಂದು ನಮ್ಮ ಜಲಾಶಯ, ಕೆರೆಗಳಿಗೆ ಬಿಟ್ಟಿದ್ದು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಹಾರ್ಮೋನು ಚುಚ್ಚಿ ಈ ಜಾತಿಯ ಮೀನುಗಳಿಂದ ಕೊಳದಲ್ಲೇ ತತ್ತಿ ಇಡಿಸಿ ತೋರಿಸಿದ ಮೇಲೆ ದೇಶದ ತುಂಬ ಮರಿ ಸಿಗುವಂತಾಯಿತು. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಹೊರದೇಶದ್ದು. ಜಿಲೇಬಿ ಮೀನು (ತಿಲಾಪಿಯಾ) ಆಫ್ರಿಕಾದ್ದು, ಈಗ ಎಲ್ಲೆಲ್ಲೂ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಸರಕಾರ ನಿಷೇಧಿಸಿದ್ದರೂ ಕದ್ದು ಸಾಕುವುದು ನಿಂತಿಲ್ಲ.

ನಮ್ಮ ಹೊಳೆಯ ಹಳೇ ಸಂತಾನ ಅಂದರೆ ಬಾಳೆ ಮೀನು, ಕೊರಮೀನು, ಚೇಳು ಮೀನು, ಹಾವುಮೀನು, ಗಿರ್ಲು ಮತ್ತು ಲೆಕ್ಕವಿಲ್ಲದಷ್ಟು ಬೆರಳುದ್ದದ ಸಣ್ಣ ಮೀನು. ಅಂಕಿ ಅಂಶದಲ್ಲಿ ದೊಡ್ಡ ಮೀನೇ ಕಾಣುತ್ತದೆ. ಬಡವರ ಸಾರಿನಲ್ಲಿ ಸಣ್ಣದೇ ಇರುತ್ತದೆ.

ನೀರುನಾಯಿ ಬಲೆ ಹರಿದು ಹಾಕುತ್ತೆ. ಅದನ್ನ ಯಾಕೆ ಉಳಿಸಬೇಕು ಅಂತೀರಿ?

ಮೊದಲು ಒಪ್ಪಿಕೊಳ್ಳೋಣ, ನಷ್ಟ ನಿಜ. ಬಲೆಯಲ್ಲಿ ಸಿಕ್ಕ ಮೀನು ಕಚ್ಚಿ ಎಳೆದರೆ ಬಲೆ ಹರಿಯುತ್ತದೆ. ಹೊಸ ಬಲೆಗೆ ದುಡ್ಡು ಬೇಕು. ಈ ಕಷ್ಟ ಗೊತ್ತಿಲ್ಲದೆ "ಪ್ರಾಣಿ ಉಳಿಸಿ" ಅಂದರೆ ದಂಡೆಯವರಿಗೆ ಸಿಟ್ಟು ಬರುವುದು ಸಹಜ.

ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಸರಕಾರ ಘೋಷಿಸಿತು. ಬಂಡೆ ಸಂದಿಯ ಗವಿ, ಆಳದ ಮಡು, ದಂಡೆಯ ಜೊಂಡು ಮೂರೂ ಇರುವ ಕಡೆ ಅವು ಗುಂಪಾಗಿ ಇರುತ್ತವೆ. ಮೀನಿಗೂ ಅದೇ ಜಾಗ ಬೇಕು. ಹಾಗಾಗಿ ನೀರುನಾಯಿ ಬಿಟ್ಟುಹೋದ ಮಡುವಿನಲ್ಲಿ ಬಲೆಗೂ ಹೆಚ್ಚೇನೂ ಬೀಳುವುದಿಲ್ಲ. ಅವು ಆಡುವ ಕಡೆ ರಾತ್ರಿ ಬಲೆ ಬಿಟ್ಟು ಮನೆಗೆ ಹೋಗಿ ಮಲಗದೆ, ಬೇಗ ಎತ್ತುವುದು ಹಳಬರ ಉಪಾಯ. ಮರಳು ತೆಗೆಯುವುದು, ಸಿಡಿಮದ್ದು ಹಾಕುವುದು ಮೀನುಗಾರನಿಗೂ ನೀರುನಾಯಿಗೂ ಒಂದೇ ಸಲ ಹೊಡೆತ.

ಮೊಸಳೆ ಇರೋ ನೀರಿಗೆ ಹೇಗೆ ಇಳೀತಾರೆ?

ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆ ಇವೆ. ಅವು ಬಿಸಿಲು ಕಾಯುವ ಗಡ್ಡೆ ಯಾವುದು ಅಂತ ತಿಳಿದುಕೊಂಡು, ಅಲ್ಲಿಗೆ ಹೋಗದಿರುವುದೇ ದೊಡ್ಡ ಜಾಣತನ. ಮುಸ್ಸಂಜೆಗೆ ದಂಡೆಯಲ್ಲಿ ಕೂತು ಮೀನು ತೊಳೆಯಬೇಡಿ. ಪ್ರವಾಸಕ್ಕೆ ಬಂದವರು ಸ್ಥಳೀಯರನ್ನು ಕೇಳದೆ ನೀರಿಗೆ ಇಳಿಯಲೇಬೇಡಿ.

## ಸ್ವಲ್ಪ ಕಠಿಣ ಪ್ರಶ್ನೆಗಳು

ಡ್ಯಾಂ ಬಂದ ಮೇಲೆ ಹಳೇ ಜ್ಞಾನ ಕೆಲಸಕ್ಕೆ ಬರುತ್ತಾ?

ಬರುತ್ತದೆ, ಆದರೆ ಹಳೇ ರೂಪದಲ್ಲಿ ಅಲ್ಲ. 1953ರಲ್ಲಿ ಅಣೆಕಟ್ಟೆ ಮುಗಿದಾಗ ಹೊಳೆ ಎರಡು ತುಂಡಾಯಿತು. ಕೆಳಗಿನಿಂದ ಮೇಲೆ ಈಜುವ ಮೀನಿಗೆ ದಾರಿ ಕಟ್ಟಾಯಿತು. ಮೇಲೆ ಹರಿಯುವ ನೀರು ನಿಂತ ನೀರಾಯಿತು. ಹೊಳೆಯವರಿಗೆ ಸೆಳವು ಗೊತ್ತಿತ್ತು, ಅಲೆ ಗೊತ್ತಿರಲಿಲ್ಲ. ಜಲಾಶಯದ ನಡುವೆ ಆಷಾಢದ ಗಾಳಿ ಎದ್ದರೆ ಹರಿಗೋಲಿಗೆ ಅಪಾಯ. ಮುಳುಗಿದ ಊರುಗಳ ಗೋಡೆ, ಮರದ ಮೋಟು ಎಲ್ಲಿವೆ ಅಂತ ತಿಳಿಯದಿದ್ದರೆ ಬಲೆ ಸಿಕ್ಕಿ ಹರಿಯುತ್ತದೆ. ಅವನ್ನೆಲ್ಲ ಹೊಸದಾಗಿ ಕಲಿತರು. ಆ ಪಾಠವೂ ಮುಗಿದಿಲ್ಲ, ಯಾಕೆಂದರೆ ಹೂಳು ತುಂಬುತ್ತಲೇ ಇದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಇಳಿದಿದೆ. ಅಪ್ಪ ಹೇಳಿದ ಆಳ ಮಗನಿಗೆ ಸಿಗುವುದಿಲ್ಲ.

ಅಣೆಕಟ್ಟೆಯ ಕೆಳಗಿನವರ ಕಥೆ ಬೇರೆ. ಅವರ ಹೊಳೆ 33 ಗೇಟುಗಳ ಮರ್ಜಿಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಅಂಥ ನೀರಿಗೆ ನೊರೆ, ಕಡ್ಡಿಯ ಮುನ್ಸೂಚನೆ ಇರುವುದಿಲ್ಲ. ಅದಕ್ಕೇ ಈಗಿನ ಅಂಬಿಗ ಬೆಳಗ್ಗೆ ಎದ್ದು ಮೊದಲು ಮೊಬೈಲಿನಲ್ಲಿ ಒಳಹರಿವು, ಹೊರಹರಿವು ನೋಡುತ್ತಾನೆ, ಆಮೇಲೆ ಹೊಳೆ ನೋಡುತ್ತಾನೆ. ಇದನ್ನೂ ಪಾರಂಪರಿಕ ಜ್ಞಾನದ ಲೆಕ್ಕಕ್ಕೇ ನಾನು ಸೇರಿಸುತ್ತೇನೆ. ನೀರು ಬದಲಾದಾಗ ಓದುವ ರೀತಿ ಬದಲಿಸಿಕೊಂಡವರು ಅವರೇ. ಬೇಸರದ ಸಂಗತಿ ಒಂದೇ. ಯಾವಾಗ ಎಷ್ಟು ನೀರು ಬಿಡಬೇಕು ಅಂತ ತೀರ್ಮಾನಿಸುವಾಗ ಬೆಳೆ, ಕುಡಿಯುವ ನೀರು, ಕರೆಂಟು, ಪಕ್ಕದ ರಾಜ್ಯದ ಪಾಲು ಎಲ್ಲದರ ಮಾತು ಬರುತ್ತದೆ. ಮೀನು ತತ್ತಿ ಇಡುವ ದಿನಗಳ ಮಾತು ಬರುವುದನ್ನು ನಾನಂತೂ ಕೇಳಿಲ್ಲ.

ಅಲಿವಿ ಬಲೆ ಅಂದ್ರೇನು? ಅದರ ಮೇಲೆ ಯಾಕಿಷ್ಟು ಜಗಳ?

ತುಂಗಭದ್ರಾ ಜಲಾಶಯದಲ್ಲಿ ಬಳಸುವ ಭಾರಿ ಉದ್ದದ ಎಳೆಬಲೆ. ದಂಡೆಯಿಂದ ಅರ್ಧ ಸುತ್ತು ಹಾಕಿ, ಎರಡೂ ತುದಿಯಿಂದ ಜನ ಸಾಲಾಗಿ ನಿಂತು ಎಳೆಯುತ್ತಾರೆ. ಕಣ್ಣು ತೀರಾ ಸಣ್ಣದು. ಒಣಗಿಸಿ ಮಾರುವ ಸಣ್ಣ ಮೀನಿಗೆ ಅಂತ ಹಾಕಿದರೂ ದೊಡ್ಡ ಮೀನಿನ ಮರಿಯೂ ಬಾಚಿ ಬರುತ್ತದೆ. ಸರಕಾರ ಬಿಟ್ಟ ಮರಿಗಳೂ ಅದರಲ್ಲೇ ಹೋಗುತ್ತವೆ. ಎಳೆಯುವ ಕೂಲಿಗಳ ಹೊಟ್ಟೆಪಾಡು ಒಂದು ಕಡೆ, ದೊಡ್ಡ ಕಣ್ಣಿನ ಬಲೆಯವರ ನಷ್ಟ ಇನ್ನೊಂದು ಕಡೆ. ನನ್ನ ಅಭಿಪ್ರಾಯ ಕೇಳಿದರೆ, ಮಳೆಗಾಲದಲ್ಲಿ ಮರಿ ಇರುವ ತೆಳು ನೀರಿಗೆ ಇದನ್ನು ಬಿಡಲೇಬಾರದು.

ಕರಾವಳಿ ಮೀನುಗಾರರ ಜ್ಞಾನಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ?

ಅವರು ಉಬ್ಬರ ಇಳಿತ ನೋಡುತ್ತಾರೆ, ನಮ್ಮವರು ಏರು ಇಳಿವು ನೋಡುತ್ತಾರೆ. ಅವರಿಗೆ ಬಂಗುಡೆ, ಭೂತಾಯಿಯ ಹಿಂಡು ಮುಖ್ಯ. ಕತ್ತಲಲ್ಲಿ ನೀರು ಮಿನುಗುವುದನ್ನು, ಹಗಲಲ್ಲಿ ನೀರಿನ ಬಣ್ಣ ಮತ್ತು ಹಕ್ಕಿಗಳನ್ನು ನೋಡಿ ಹಿಂಡು ಗುರುತಿಸುತ್ತಾರೆ. ನಮ್ಮಲ್ಲೂ ನೀರುಕಾಗೆ ಗುಂಪಾಗಿ ಮುಳುಗುವ ಕಡೆಗೇ ಹರಿಗೋಲು ತಿರುಗುತ್ತದೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ದಿನಗಳ ಕಾರಣ ನಮ್ಮ ಹೊಳೆಗೂ ಹೊಂದುತ್ತದೆ, ತತ್ತಿಯ ಕಾಲ ಅದೇ.

ಅವರ ಅನುಭವದಿಂದ ನಾವು ಕಲಿಯಬೇಕಾದ್ದು ರಂಪಣಿಯ ಕಥೆ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಬಲೆ ಅದು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು (ದೊಡ್ಡ ಸುತ್ತುಬಲೆ ಹಾಕುವ ಯಾಂತ್ರಿಕ ಬೋಟುಗಳು) ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತಿದವು. ರಂಪಣಿ ಮೂಲೆ ಸೇರಿತು. ಜೊತೆಗೆ ದಡದಿಂದಲೇ ಹಿಂಡು ಗುರುತಿಸಿ ಕೂಗುತ್ತಿದ್ದ ಹಿರಿಯರ ಕಣ್ಣಿಗೂ ಕೆಲಸ ಇಲ್ಲದಾಯಿತು.

ಡ್ಯಾಂ ನೀರು ಹಸಿರಾದಾಗ ಮೀನು ತಿನ್ನಬಹುದಾ?

ಪಾಚಿ ವಿಪರೀತ ಬೆಳೆದಾಗ ನೀರು ಹಸಿರಾಗುತ್ತದೆ. ಹೊಲದ ಗೊಬ್ಬರ, ಊರಿನ ಕೊಳಚೆ, ಬಿಸಿಲು ಮೂರೂ ಸೇರಿದರೆ ಪಾಚಿಗೆ ಹಬ್ಬ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ನಸುಕಿನಲ್ಲಿ ನೀರಿನ ಆಮ್ಲಜನಕ ಕಡಿಮೆಯಾಗಿ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಅಂಥ ಕಡೆಯ ಮೀನನ್ನು ಹಳಬರು ಮುಟ್ಟುವುದಿಲ್ಲ, ನೀವೂ ಬಿಡಿ. ಸತ್ತು ತೇಲಿದ್ದನ್ನು ಯಾವ ಕಾರಣಕ್ಕೂ ಬೇಡ. ಕೆಲವು ಪಾಚಿಗಳಲ್ಲಿ ವಿಷ ಇರುತ್ತದೆ, ಕುದಿಸಿದರೂ ಹೋಗುವುದಿಲ್ಲ.

ಸಿಡಿಮದ್ದು, ವಿಷ ಹಾಕಿ ಹಿಡಿಯೋದೂ ಹಳೇ ಪದ್ಧತಿ ತಾನೆ?

ಸಿಡಿಮದ್ದು ಯಾವ ಲೆಕ್ಕದಲ್ಲೂ ಹಳೇ ಪದ್ಧತಿ ಅಲ್ಲ. ಇವೆರಡೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ.

ನಮ್ಮೂರಿನ ಹಿರಿಯರ ಈ ತಿಳಿವಳಿಕೆ ಬರೆದಿಡಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡಲಿ?

ಪಂಚಾಯಿತಿ ಕಚೇರಿಯಿಂದ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರಬೇಕು. ನಿಮ್ಮೂರಿನದನ್ನು ತೆಗೆಸಿ ನೋಡಿ. ಮೀನಿನ ಪುಟ ಖಾಲಿ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು.

ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿ ಕೇಳಿದರೆ "ಏನೈತಪ್ಪ ಹೇಳಾಕ" ಅಂದುಬಿಡುತ್ತಾರೆ. ಬಲೆ ಹೊಲಿಯುವಾಗ ಪಕ್ಕದಲ್ಲಿ ಕೂತುಕೊಳ್ಳಿ, ಮಾತು ತಾನೇ ಬರುತ್ತದೆ. ಮೀನನ್ನು ಅವರು ಕರೆಯುವ ಹೆಸರಿನಲ್ಲೇ ಬರೆಯಿರಿ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ವೈಜ್ಞಾನಿಕ ಹೆಸರನ್ನು ಆಮೇಲೆ ಮೀನುಗಾರಿಕೆ ಇಲಾಖೆಯವರಿಂದಲೋ ಕಾಲೇಜಿನವರಿಂದಲೋ ಪಡೆಯಬಹುದು. ಒಂದೇ ಸಂಗತಿಗೆ ಇಬ್ಬರು ಹಿರಿಯರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ. ಒಬ್ಬರು ಡ್ಯಾಂ ಮೇಲಿನವರು, ಇನ್ನೊಬ್ಬರು ಕೆಳಗಿನವರು ಇರಬಹುದು. ಇನ್ನೊಂದು ಮಾತು, ಮೀನು ತತ್ತಿ ಇಡುವ ಮಡುವಿನ ಜಾಗವನ್ನು ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿ ಎಲ್ಲರಿಗೂ ಹಂಚಬೇಡಿ. ಹೇಳಿದವರ ಒಪ್ಪಿಗೆ ಕೇಳಿ, ಬೇಕಿದ್ದರೆ ಆ ಪುಟವನ್ನು ಸಮಿತಿಯ ಹತ್ತಿರವೇ ಇಡಿ. ಸಿಡಿಮದ್ದಿನವರೂ ಮ್ಯಾಪು ನೋಡುತ್ತಾರೆ.